ಓರೆ ಎಳೆಯ ಟಯರು

ಸೋಮವಾರ, ತಾರೀಖು ೩

ಇವತ್ತು ಒಪ್ಪತ್ತು. ಐದಕ್ಕೆ ಎದ್ದು ಅಂಗಳ ಗುಡಿಸಿದೆ, ನೀರು ತುಂಬಿದೆ, ಹೊಲಿಗೆ ಯಂತ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟೆ, ದೇವರಿಗೆ ದೀಪ ಹಚ್ಚಿದೆ. ಹೊಟ್ಟೆಯ ಉಪವಾಸ ನನಗೆ ಹೊಸದಲ್ಲ. ಇವತ್ತಿನಿಂದ ಬಾಯಿಗೂ ಉಪವಾಸ, ಅದು ಹೊಸದು. ಅದಕ್ಕೇ ಈ ಪುಸ್ತಕ. ಗಿರಾಕಿಗಳ ಅಳತೆ ಬರೆಯುವ ಪುಸ್ತಕವೇ, ಹಿಂದಿನ ಹಾಳೆಗಳು ಖಾಲಿ ಇದ್ದವು.

ನಿನ್ನೆ ಆದದ್ದನ್ನು ಬರೆದಿಡುತ್ತೇನೆ, ದೇವರಿಗೆ ಗೊತ್ತಿದ್ದರೂ. ನಮ್ಮ ಮಾವನವರು ತೀರಿಕೊಂಡು ಆರು ವರ್ಷವಾಯಿತು. ಅವರ ಹಳೇ ಕಾರು ಹಿತ್ತಲಿನ ಶೆಡ್ಡಿನಲ್ಲಿದೆ. ನಾಲ್ಕು ಟಯರೂ ಚಳಿಗಾಲದ ಹಿಮ್ಮಡಿಯ ಹಾಗೆ ಬಿರಿದಿವೆ. ಬದಲಾಯಿಸಬೇಕು, ಅದರಲ್ಲಿ ಜಗಳವಿಲ್ಲ. ಯಾವುದು ಹಾಕಿಸಬೇಕು ಅನ್ನುವುದರಲ್ಲಿ ಜಗಳ. ನಮ್ಮವರು ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ‘ರೇಡಿಯಲ್ ಹಾಕಿಸೋಣ’ ಎಂದರು. ಮೈದುನ ಅಂಗಡಿಗಳ ಬೋರ್ಡು ಬರೆಯುವವನು, ‘ಅಪ್ಪನ ಕಾಲದ ಹಾಗೆ ನೈಲಾನೇ ಇರಬೇಕು’ ಎಂದ. ಊಟದ ಮೇಜಿನ ಮೇಲೆ ಒಂದು ಗಂಟೆ ನಡೆಯಿತು. ‘ಹಾಗಾದ್ರೆ ಮಾರಿಬಿಡು’ ಎಂದರು ನಮ್ಮವರು. ‘ಮಾರ್ತೀನಿ’ ಎಂದ ಅವನು.

ಆಗ ನನ್ನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. ಸೌಟು ಹಿಡಿದುಕೊಂಡೇ, “ಈ ತಗಡಿನ ಡಬ್ಬಿ ಮನೆಗೆ ಹಿಡಿದ ಶನಿ. ತಗೊಂಡು ಹೋಗಿ ಗುಜರಿಗೆ ಹಾಕಿ, ನೀವಿಬ್ಬರೂ ಅದರ ಹಿಂದೇನೇ ಹೋಗಿ!” ಎಂದೆ.

ಮೈದುನ ತಟ್ಟೆ ತೆಗೆದುಕೊಂಡು ಮಹಡಿಗೆ ಹೋದ. ನಾನು ಈ ಮನೆಗೆ ಬಂದಾಗ ಒಂಬತ್ತು ವರ್ಷದವನು. ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ಈಗ ನಲವತ್ತಾಯಿತು, ಮದುವೆ ಬೇಡ ಎಂದು ಕುಳಿತ. ಇಷ್ಟು ವರ್ಷದಲ್ಲಿ ಒಂದು ದಿನವೂ ಬೇರೆ ಕೂತು ಉಂಡವನಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣ ತಮ್ಮ ಒಂದೇ ಮೇಜಿನಲ್ಲಿ ಕೂತು ಉಣ್ಣುವ ತನಕ ನಾನು ಮಾತಾಡುವುದಿಲ್ಲ ಎಂದು ದೀಪದ ಮುಂದೆ ಹೇಳಿಕೊಂಡೆ. ಆಡಿದ ಕೊನೆಯ ಮಾತು ಅದೇ.

ಮಂಗಳವಾರ, ತಾರೀಖು ೪

ಅತ್ತೆಯವರಿಗೆ ಓದಲು ಬರುವುದಿಲ್ಲ. ಇದನ್ನು ನಾನು ಯೋಚಿಸಿರಲಿಲ್ಲ.

“ಏನೇ ಹುಡುಗಿ, ಗಂಟಲು ಕಟ್ಟಿದೆಯಾ?” ಎಂದರು. ನನಗೆ ಐವತ್ತಾದರೂ ಅವರಿಗೆ ಹುಡುಗಿಯೇ. ನಾನು ಚೀಟಿ ಬರೆದೆ: ‘ನಿಮ್ಮ ಮಕ್ಕಳು ಒಟ್ಟಿಗೆ ಉಣ್ಣುವ ತನಕ ನನಗೆ ಮಾತಿಲ್ಲ.’ ನಮ್ಮವರ ಕೈಗೆ ಕೊಟ್ಟೆ, ಓದಿ ಹೇಳಲಿ ಎಂದು. ಅವರು ಕನ್ನಡಕ ಏರಿಸಿ ಓದಿದರು: “ನಿಮ್ಮ ಚಿಕ್ಕ ಮಗ ಕೆಳಗಿಳಿದು ಬಂದು, ದೊಡ್ಡ ಮಗನ ಹತ್ತಿರ ತಪ್ಪಾಯ್ತು ಅಂತ ಹೇಳಿ, ರೇಡಿಯಲ್ಲೇ ಸರಿ ಅಂತ ಒಪ್ಪೋ ತನಕ ನನಗೆ ಮಾತಿಲ್ಲ.”

ನಾನು ಪಾತ್ರೆಗೆ ಸೌಟಿನಿಂದ ಬಾರಿಸಿದೆ.

ಅತ್ತೆ ಚೀಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. “ಚೀಟಿ ಇಷ್ಟುದ್ದ. ನೀನು ಓದಿದ್ದು ಅಷ್ಟುದ್ದ. ಉಳಿದದ್ದು ಎಲ್ಲಿಂದ ಬಂತಪ್ಪಾ?” ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ಚಿಕ್ಕ ಮಗನನ್ನು ಕೂಗಿ ಅವನಿಂದಲೂ ಓದಿಸಿದರು. ಅವನು ಓದಿದ್ದರಲ್ಲಿ ನೈಲಾನ್ ಇತ್ತು.

“ಇನ್ಮೇಲೆ ಇವಳ ಚೀಟಿ ಇಬ್ಬರೂ ಓದಬೇಕು. ಇಬ್ಬರ ಬಾಯಲ್ಲೂ ಒಂದೇ ಥರ ಬಂದಿದ್ದು ಮಾತ್ರ ನಿಜ, ಮಿಕ್ಕಿದ್ದು ನಿಮ್ಮ ನಿಮ್ಮ ಹೊಟ್ಟೆಯದ್ದು,” ಎಂದರು ಅತ್ತೆ. ಓದು ಬಾರದಿದ್ದರೂ ಓದಿದವರ ಕಿವಿ ಹಿಂಡುವುದು ಬರುತ್ತದೆ.

ಗುರುವಾರ, ತಾರೀಖು ೬

ಮೈದುನ ಹೇಳಿದ ಹಾಗೇ ಮಾಡಿದ. ಹಳೇ ಕಾರು ಕೊಳ್ಳುವ ಒಬ್ಬರಿಗೆ ಕಾಗದ ಬರೆದಿದ್ದ, ಉತ್ತರ ಬಂದಿದೆ. ಇಪ್ಪತ್ತನಾಲ್ಕಕ್ಕೆ ಬಂದು ನೋಡಿ ತೆಗೆದುಕೊಂಡು ಹೋಗುತ್ತಾರಂತೆ. ಮಹಡಿಯಲ್ಲಿ ಅವನ ಟ್ರಂಕು ಮಂಚದ ಕೆಳಗಿನಿಂದ ಮೇಲೆ ಬಂದಿದೆ. “ಕಾರು ಹೋದ ದಿನ ನಾನೂ ಹೋಗ್ತೀನಿ ಅತ್ತಿಗೆ. ನೀವೇ ಹೇಳಿದ್ರಲ್ಲ, ಅದರ ಹಿಂದೆ ಹೋಗು ಅಂತ,” ಎಂದ. ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಅತ್ತೆಯದ್ದು ಒಂದೇ ರಾಗ. “ಕಾರು ನನ್ನದು, ಯಜಮಾನರು ನನಗೆ ಬಿಟ್ಟಿದ್ದು. ಗುಡ್ಡದ ಆಚೆ ನನ್ನ ತಂಗಿ ಇದ್ದಾಳೆ, ಮೂರು ವರ್ಷ ಆಯ್ತು ಮುಖ ನೋಡಿ. ಬಸ್ಸಿನ ಮೆಟ್ಟಿಲು ನನ್ನ ಮಂಡಿ ಹತ್ತಲ್ಲ. ಒಂದು ಸಲ ಕರ್ಕೊಂಡು ಹೋಗಿ, ಆಮೇಲೆ ಮಾರಿ, ಸುಡಿ.”

ಇಬ್ಬರೂ ಕೇಳಿಸಿಕೊಂಡರು. ಇಬ್ಬರೂ ಕೇಳಿಸದವರ ಹಾಗಿದ್ದರು.

ಭಾನುವಾರ, ತಾರೀಖು ೯

ದೇವರು ದಾರಿ ತೋರಿಸಿದ. ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಹೊಳೆಯಿತು. ನಾಲ್ಕು ಚಕ್ರ, ಇಬ್ಬರು ಮಕ್ಕಳು. ‘ಮುಂದೆ ಎರಡು ರೇಡಿಯಲ್, ಹಿಂದೆ ಎರಡು ನೈಲಾನ್’ ಎಂದು ಬರೆದೆ. ಇಬ್ಬರೂ ಓದಿದರು, ಒಂದೇ ಥರ ಓದಿದರು! ಇಬ್ಬರ ಮುಖವೂ ಏನೋ ನುಂಗಿದ ಹಾಗಿತ್ತು, ಆದರೆ ಇಬ್ಬರೂ ಹೂಂ ಎಂದರು. ಎಷ್ಟು ಸುಲಭ. ಗಂಡಸರಿಗೆ ಇದು ತೋಚಲಿಲ್ಲವಲ್ಲ.

ಸೋಮವಾರ, ತಾರೀಖು ೧೦

ಒಪ್ಪತ್ತು.

ಟಯರ್ ಅಂಗಡಿಯವರು ಬೆಳಿಗ್ಗೆ ಚೀಟಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರಂತೆ. “ಒಂದೇ ಗಾಡಿಗೆ ಎರಡು ಜಾತಿ ಹಾಕಬಾರದು ಸ್ವಾಮಿ.” ನಮ್ಮವರು, “ಅವಳು ಬರೆದಿದ್ದಾಳೆ, ಹಾಕಿ.” ಮೈದುನ, “ಅತ್ತಿಗೆ ಬರೆದಿದ್ದಾರೆ, ಹಾಕಿ.” ಅವರು ಕೊನೆಗೆ ಅಂಗಡಿಯಲ್ಲಿದ್ದ ಹಳೇ ಟಯರುಗಳನ್ನೇ, ಬಿಚ್ಚಿ ಒಯ್ದಿದ್ದ ಗಾಲಿಗಳಿಗೆ ಪರೀಕ್ಷೆಗೆಂದು ಹಾಕಿ, “ಹಿತ್ತಲ ಬಯಲಲ್ಲಿ ಮಾತ್ರ. ರಸ್ತೆಗೆ ಇಳಿಸಿದ್ರೆ ನನ್ನ ಹೆಸರು ಹೇಳಬೇಡಿ,” ಎಂದರಂತೆ.

ಅತ್ತೆ ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತರು, ಬೇಡವೆಂದರೂ ಕೇಳಲಿಲ್ಲ. ನಮ್ಮವರು ಬಯಲಿನ ತುದಿಯ ತನಕ ಹೋಗಿ ತಿರುಗಿಸಿದರು. ಹುಲ್ಲು ಒದ್ದೆಯಿತ್ತು. ಕಾರಿನ ಮೂತಿ ತಿರುಗಿತು. ಹಿಂಭಾಗ, ನನಗೇನು ಗೊತ್ತು ಎಂದು ಬೇರೆ ಕಡೆ ಹೊರಟಿತು. ಪೂರ್ತಿ ಒಂದು ಸುತ್ತು ಸುತ್ತಿ, ನಾನು ಬಟ್ಟೆ ಒಗೆದು ಒಣಹಾಕಿದ್ದ ಹಗ್ಗಕ್ಕೆ ಬಿದ್ದಿತು. ಅಂಚೆ ಕಚೇರಿಯ ಗುಮಾಸ್ತೆಗೆಂದು ಹೊಲಿದಿದ್ದ ಹಳದಿ ಫ್ರಾಕು ಬಾನೆಟ್ಟಿನ ಮೇಲೆ, ನಮ್ಮವರ ಬನಿಯನ್ನು ವೈಪರಿನ ಮೇಲೆ.

ಒಳಗಿನಿಂದ ಅತ್ತೆಯ ದನಿ: “ಇನ್ನೊಂದು ಸಲ!”

ಆಮೇಲೆ ತಿಳಿದದ್ದು ಇದು. ಎರಡು ಜಾತಿ ಸೇರಿಸಬಾರದೆಂದು ಇಬ್ಬರಿಗೂ ಮೊದಲೇ ಗೊತ್ತಿತ್ತು. “ಅವನು ಬೇಡ ಅಂತಾನೆ ಅಂತ ಕಾಯ್ತಿದ್ದೆ,” ಎಂದರು ನಮ್ಮವರು. “ಅಣ್ಣ ಬಸ್ಸು ಓಡಿಸಿದವನು, ಅವನೇ ಬೇಡ ಅನ್ನಲಿ ಅಂತ ಕಾಯ್ತಿದ್ದೆ,” ಎಂದ ಮೈದುನ. ಬೇಡ ಎಂದವನು ಸೋತ ಲೆಕ್ಕ. ಅದಕ್ಕೆ ಹೆತ್ತ ತಾಯಿಯನ್ನು ಕೂರಿಸಿ ಬುಗುರಿ ಆಡಿಸಿದರು.

ಕಾರು ಸುತ್ತುವಾಗ ನಾನು ಕಿರುಚಿದೆ. ಕಿರುಚುವುದು ಮಾತೋ ಅಲ್ಲವೋ? ಅಕ್ಷರವಿರಲಿಲ್ಲ, ಬರೀ ದನಿ. ಕರುವೂ ಕೂಗುತ್ತದೆ, ಅದನ್ನು ಯಾರೂ ಮಾತು ಎನ್ನುವುದಿಲ್ಲ. ವ್ರತ ಮುರಿದಿಲ್ಲ ಎಂದುಕೊಂಡಿದ್ದೇನೆ. ತಪ್ಪಿದ್ದರೆ ದೇವರು ತಿಳಿಸಲಿ.

ಬುಧವಾರ, ತಾರೀಖು ೧೨

ಫ್ರಾಕು ಮತ್ತೆ ಒಗೆದು ಇಸ್ತ್ರಿ ಮಾಡಿ, ತಲುಪಿಸುವ ನೆಪದಲ್ಲಿ ಟಯರ್ ಅಂಗಡಿಗೆ ಹೋದೆ. ‘ನನ್ನ ತಪ್ಪು ಏನು?’ ಎಂದು ಚೀಟಿ ಕೊಟ್ಟೆ. ಅಂಗಡಿಯವರು ಒಳ್ಳೆಯವರು, ಮಾತಾಡದವರು ಸಿಕ್ಕಿದರೆಂದು ಅವರಿಗೆ ಹಬ್ಬ. ಕತ್ತರಿಸಿದ ಎರಡು ತುಂಡು ಟಯರು ತಂದು ಮುಂದೆ ಇಟ್ಟರು.

“ನೋಡಿ ಅಕ್ಕಾ. ಇದು ನೈಲಾನು. ಒಳಗಿನ ದಾರ ನೋಡಿ, ಓರೆಯಾಗಿ ಹೋಗಿದೆ. ಒಂದು ಪದರ ಈ ಕಡೆ ಓರೆ, ಮೇಲಿನದ್ದು ಆ ಕಡೆ ಓರೆ. ಇದು ರೇಡಿಯಲ್ಲು. ದಾರ ಈ ಅಂಚಿಂದ ಆ ಅಂಚಿಗೆ ನೆಟ್ಟಗೆ. ಮೇಲೊಂದು ಉಕ್ಕಿನ ಪಟ್ಟಿ.”

ನಾನು ಮುಟ್ಟಿ ನೋಡಿದೆ. ಮುಟ್ಟಿದ ಕೂಡಲೇ ನಾಚಿಕೆಯಾಯಿತು. ಇದು ನನ್ನದೇ ಕಸುಬು! ಒಂದು ಕ್ರಾಸ್, ಅಂದರೆ ಎಳೆಗೆ ಓರೆಯಾಗಿ ಕತ್ತರಿಸಿದ ಬಟ್ಟೆ, ಇನ್ನೊಂದು ನೇರ ಕತ್ತರಿಸಿ ಸೊಂಟಪಟ್ಟಿ ಹಾಕಿದ್ದು. ಕ್ರಾಸ್ ಬಟ್ಟೆ ಹಿಗ್ಗುತ್ತದೆ, ಜಗ್ಗುತ್ತದೆ, ಮೈ ಹೋದ ಕಡೆ ಹೋಗುತ್ತದೆ. ನೇರ ಬಟ್ಟೆ ಹೇಳಿದ ಕಡೆ ನಿಲ್ಲುತ್ತದೆ. ಮುಂಭಾಗ ನೇರ, ಹಿಂಭಾಗ ಕ್ರಾಸ್ ಇಟ್ಟು ಫ್ರಾಕು ಹೊಲಿದರೆ ತೊಟ್ಟವಳು ಎರಡು ಹೆಜ್ಜೆ ಇಡುವಷ್ಟರಲ್ಲಿ ಮೈಗೆಲ್ಲ ತಿರುಚಿಕೊಳ್ಳುತ್ತದೆ. ಮೂವತ್ತು ವರ್ಷ ಹೊಲಿದ ನಾನು ಕಾರಿಗೆ ಅಂಥ ಫ್ರಾಕು ತೊಡಿಸಿದೆ.

ಯಾವುದು ಒಳ್ಳೆಯದು ಎಂದು ಬರೆದು ಕೇಳಿದೆ. “ಓಡಿಸೋರಿಗೆ ರೇಡಿಯಲ್ಲು, ನೋಡೋರಿಗೆ ನೈಲಾನು,” ಎಂದು ನಕ್ಕರು. ರೇಡಿಯಲ್ಲು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದಂತೆ, ಆದರೆ ಪಕ್ಕದಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂರುತ್ತದೆ, ಗಾಳಿ ಇಲ್ಲದ ಹಾಗೆ ಕಾಣುತ್ತದೆ. ನಿವೃತ್ತರಾದ ಮೇಲೆ ನಮ್ಮವರ ಹಾಗೆ. ನೈಲಾನು ಕಾಣಲು ಎತ್ತರ, ಲಕ್ಷಣ, ಹಳೇ ಗಾಡಿಗೆ ಒಪ್ಪುತ್ತದೆ, ಆದರೆ ಗಾಲಿಯ ಗುರುತು ಬಿದ್ದ ರಸ್ತೆಯಲ್ಲಿ ಗುರುತಿನ ಹಿಂದೆಯೇ ಹೋಗುತ್ತದೆ. ಮೈದುನನ ಹಾಗೆ.

‘ಯಾವುದಾದರೂ ಸರಿ, ನಾಲ್ಕೂ ಒಂದೇ ಇರಲಿ’ ಎಂದು ಅವರೇ ಚೀಟಿಯಲ್ಲಿ ಬರೆದುಕೊಟ್ಟರು. ಬಾಯಲ್ಲಿ ಹೇಳಬಹುದಿತ್ತು. ನನ್ನ ಜೊತೆ ಇದ್ದು ಅವರಿಗೂ ರೂಢಿಯಾಯಿತು.

ಗುರುವಾರ, ತಾರೀಖು ೧೩

ಗುಂಡಿಯ ತೂತಿಗೆ ಕಾಜಾ ಹೊಲಿಯುತ್ತಿದ್ದೆ. ನಮ್ಮವರು ಬಂದು ಹೊಸ್ತಿಲ ಮೇಲೆ ಕೂತರು.

“ನಿನಗೆ ಹೇಳಿದ್ರೆ ನೀನು ಯಾರಿಗೂ ಹೇಳಲ್ಲ, ಅಲ್ವಾ?” ಎಂದರು. ನಾನು ಬಾಯಿ ತೋರಿಸಿದೆ. ನಕ್ಕರು.

“ನನ್ನ ಮಣಿಕಟ್ಟು ಹೋಗಿದೆ ಕಣೇ. ಹೋದ ವರ್ಷ ಲಾರಿ ರಸ್ತೆಯಲ್ಲಿ ಹೋಗ್ತಿದ್ವಲ್ಲ, ನೈಲಾನು ಗಾಲಿ ಗುರುತಿಗೆ ಸಿಕ್ಕಿಕೊಂಡು ಎಳೀತು. ಎಳೆದು ಹಿಡಿಯೋಕೆ ಕೈಲಿ ಆಗಲಿಲ್ಲ. ಮೈಲಿಗಲ್ಲಿಗೆ ಬಡಿಯೋದು ಇಷ್ಟರಲ್ಲಿ ತಪ್ಪಿತು. ನನ್ನ ತಮ್ಮ ಪಕ್ಕದಲ್ಲಿ ಬಾಯಿ ತೆಕ್ಕೊಂಡು ಮಲಗಿದ್ದ. ಮೂವತ್ತೆರಡು ವರ್ಷ ಬಸ್ಸಿಗೆ ಒಂದು ಗೀರು ಬೀಳಿಸಿದವನಲ್ಲ ನಾನು. ಅವನ ಎದುರು ಏನಂತ ಹೇಳಲಿ? ರೇಡಿಯಲ್ಲಾದ್ರೆ ಎಳೆಯಲ್ಲ. ಅಷ್ಟೇ.”

ಹೇಳಿ ಎದ್ದು ಹೋದರು. ನಾನು ಅದೇ ಕಾಜಾವನ್ನು ಮೂರು ಸಲ ಹೊಲಿದೆ.

ಹಾಗಾದರೆ ರೇಡಿಯಲ್ಲೇ ಸರಿ.

ಶನಿವಾರ, ತಾರೀಖು ೧೫

ಸರಿ ಎಂದು ಬರೆದ ಮಸಿ ಆರಿಲ್ಲ.

ಮಹಡಿಗೆ ಊಟ ತೆಗೆದುಕೊಂಡು ಹೋದೆ. ಮೈದುನ ಕಿಟಕಿಯಲ್ಲಿ ಕೂತು ಶೆಡ್ಡಿನ ಕಡೆ ನೋಡುತ್ತಿದ್ದ.

“ಅತ್ತಿಗೆ, ನಿಮಗೆ ನೆನಪಿದೆಯಾ? ಬೆಳಿಗ್ಗೆ ಅಪ್ಪ ಕಾರು ತೆಗೆಯೋವಾಗ ಡುಬು ಡುಬು ಡುಬು ಅಂತ ಸದ್ದು ಬರ್ತಿತ್ತು. ನೈಲಾನು ಒಂದೇ ಕಡೆ ನಿಂತ್ರೆ ನೆಲಕ್ಕೆ ತಾಗಿದ ಭಾಗ ಚಪ್ಪಟೆ ಆಗುತ್ತೆ. ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಸರಿಹೋಗುತ್ತೆ. ನಾನು ಹಾಸಿಗೆಯಲ್ಲೇ ಕೇಳ್ತಿದ್ದೆ. ಸದ್ದು ನಿಂತ್ರೆ ಅಪ್ಪ ತಿರುವು ದಾಟಿದ ಅಂತ. ಆಮೇಲೆ ಇನ್ನೊಂದು ನಿದ್ದೆ.” ತಟ್ಟೆ ಕಡೆ ನೋಡಿದ. “ರೇಡಿಯಲ್ಲು ಆ ಸದ್ದು ಮಾಡಲ್ಲ. ಅಣ್ಣನಿಗೆ ಹೇಳಿದ್ರೆ ನಗ್ತಾನೆ. ಟಯರು ಹಾಳಾಗಿರೋ ಸದ್ದಿಗೆ ಅಳ್ತೀಯೇನೋ ಅಂತಾನೆ.”

ನನಗೆ ನೆನಪಿದೆ. ಈ ಮನೆಯಲ್ಲಿ ನನ್ನ ಮೊದಲ ಬೆಳಿಗ್ಗೆ, ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಎದ್ದು ಓಡಿದ್ದೆ.

ದೇವರೇ, ಬಾಯಿ ಮುಚ್ಚಿಸಿ ಕಿವಿ ತುಂಬಿಸಿದೆ. ಇವರದ್ದು ಅವನಿಗೆ ಹೇಳುವಂತಿಲ್ಲ, ಅವನದ್ದು ಇವರಿಗೆ ಹೇಳುವಂತಿಲ್ಲ. ವ್ರತ ಮುಗಿದರೂ ಹೇಳುವಂತಿಲ್ಲ. ಇನ್ನು ಒಂಬತ್ತು ದಿನ.

ಭಾನುವಾರ, ತಾರೀಖು ೧೬

ಅಂಗಡಿಯವರು ಇವತ್ತು ನಾಲ್ಕೂ ಹಳೇ ನೈಲಾನು ಹಾಕಿಕೊಟ್ಟರು, ನಾನೇ ಚೀಟಿ ಕಳಿಸಿದ್ದೆ. ಎರಡನ್ನೂ ಒಂದೊಂದು ಸಲ ನೋಡೋಣ ಎಂದು.

ಬಯಲಿನಲ್ಲಿ ಟ್ರ್ಯಾಕ್ಟರು ಹೋಗಿ ಬಿದ್ದ ಗುರುತುಗಳಿವೆ. ನಮ್ಮವರು ಎರಡು ಕೈಯಲ್ಲೂ ಸ್ಟೇರಿಂಗ್ ಅಮುಕಿ ಹಿಡಿದು, ಕಾರು ಎಡಕ್ಕೆ ಎಳೆದರೆ ಬಲಕ್ಕೆ ಜಗ್ಗಿ, ಬಲಕ್ಕೆ ಎಳೆದರೆ ಎಡಕ್ಕೆ ಜಗ್ಗಿ, ಬೆವರು ಸುರಿಸುತ್ತಾ ಬಂದರು. ನೋಡಲು ಕುಸ್ತಿಯ ಹಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ, ದನಿ ಇಲ್ಲದೆ ಭುಜ ಕುಣಿಯಿತು.

“ನಗ್ತೀಯಾ? ಬಾ, ನೀನೇ ಕೂತ್ಕೋ, ಗೊತ್ತಾಗುತ್ತೆ.”

ಕೂತೆ. ಯಾಕೆ ಕೂತೆನೋ ತಿಳಿಯದು. ಪೆಡಲುಗಳು ಹೊಲಿಗೆ ಯಂತ್ರದವುಗಳ ಮಕ್ಕಳು, ಕಾಲಿಗೆ ಬೇಗ ಅರ್ಥವಾದವು. ಮೊದಲು ನಾಲ್ಕು ಸಲ ನಿಂತಿತು. ಐದನೇ ಸಲ ಹೊರಟಿತು. ಗುರುತು ಬಂದಾಗ ಸ್ಟೇರಿಂಗು ಕೈಯಲ್ಲಿ ಮಿಸುಕಿತು, ಸೂಜಿಯ ಕೆಳಗೆ ಕ್ರಾಸ್ ಬಟ್ಟೆ ಮಿಸುಕುವ ಹಾಗೇ. ಕ್ರಾಸ್ ಬಟ್ಟೆಯನ್ನು ಎಳೆದು ಹೊಲಿದವರುಂಟೇ? ಎಳೆದರೆ ಅಲೆಯಲೆಯಾಗಿ ಹಾಳಾಗುತ್ತದೆ. ಎರಡು ಬೆರಳಿಟ್ಟು, ಅದು ಸ್ವಲ್ಪ ಆಚೆ ಹೋದರೆ ಹೋಗು ಎಂದು ಬಿಟ್ಟು, ಹಾಗೇ ಮೆಲ್ಲಗೆ ಕರೆದುಕೊಂಡು ಬರಬೇಕು. ಹಾಗೇ ಮಾಡಿದೆ. ಕಾರು ನೆಟ್ಟಗೆ ಹೋಯಿತು.

ನಮ್ಮವರು ಪಕ್ಕದಲ್ಲಿ ಬಾಯಿ ತೆರೆದುಕೊಂಡು ಕೂತಿದ್ದರು. “ಬಿಡ್ತೀಯ ನೀನು,” ಎಂದರು. “ನಾನು ಜಗ್ಗಾಡ್ತೀನಿ. ನೀನು ಬಿಡ್ತೀಯ.”

ಬುಧವಾರ, ತಾರೀಖು ೧೯

ಮೂರನೇ ಗೇರು. ಗುಮಾಸ್ತೆಯ ಎರಡನೇ ಫ್ರಾಕು ಇನ್ನೂ ಕತ್ತರಿಸಿಲ್ಲ.

ಗುರುವಾರ, ತಾರೀಖು ೨೦

ಕಲಿಯುವವರ ಲೈಸೆನ್ಸು ಸಿಕ್ಕಿತು, ನಮ್ಮವರೇ ಕರೆದುಕೊಂಡು ಹೋದರು. ಕೇಳಿದ ಪ್ರಶ್ನೆಗಳಿಗೆಲ್ಲ ಬರೆದು ಉತ್ತರ ಕೊಟ್ಟೆ. ಅಧಿಕಾರಿ, “ಇವರು ಮಾತಾಡಲ್ವಾ?” ಎಂದರು. “ಮಾತಾಡ್ತಾಳೆ ಸಾರ್, ಅದಕ್ಕೇ ಈಗ ರಜಾ,” ಎಂದರು ನಮ್ಮವರು. ಮನೆಗೆ ಬರಲಿ.

ನನ್ನಂಥ ಶಿಷ್ಯೆ ಯಾರಿಗೂ ಸಿಕ್ಕಿರಲಾರಳು. ಬೈದರೂ ತಿರುಗಿ ಆಡುವುದಿಲ್ಲ. ಅವರಿಗೆ ಹುರುಪು ಬಂದಿದೆ, ಎದ್ದ ಕೂಡಲೇ “ಬಾ ಬಾ” ಎನ್ನುತ್ತಾರೆ.

ಶನಿವಾರ, ತಾರೀಖು ೨೨

ಬಯಲಿನಲ್ಲಿ ಗಾಡಿ ನಿಲ್ಲಿಸಿದ್ದಾಗ ಮೈದುನ ಇಳಿದು ಬಂದ. ಕೈಯಲ್ಲಿ ಬಿಳಿ ತಗಡು, ಮೇಲೆ ಕೆಂಪು ಬಣ್ಣದಲ್ಲಿ ‘ಎಲ್’. ಎಷ್ಟು ಚೆಂದ ಬರೆದಿದ್ದಾನೆ, ಒಡವೆ ಅಂಗಡಿಯ ಬೋರ್ಡಿನ ಹಾಗೆ ಹಳದಿ ನೆರಳು ಬೇರೆ. ಮಾತಿಲ್ಲದೆ ತಂತಿಯಿಂದ ಮುಂದೆ ಕಟ್ಟಿದ.

ನಮ್ಮವರು ಆಕಾಶ ನೋಡುತ್ತಾ, “ಸ್ವಲ್ಪ ವಾರೆ ಆಗಿದೆ,” ಎಂದರು.

ಮೈದುನ ನೆಲ ನೋಡುತ್ತಾ, “ನೋಡೋರ ಕಣ್ಣು ವಾರೆ ಇರಬೇಕು,” ಎಂದ.

ಇಪ್ಪತ್ತು ದಿನದಲ್ಲಿ ಮೊದಲ ಮಾತುಕತೆ. ನನಗೆ ಹಾರನ್ ಒತ್ತುವಷ್ಟು ಸಂತೋಷವಾಯಿತು. ಒತ್ತಲಿಲ್ಲ. ಊಟಕ್ಕೆ ಮಾತ್ರ ಮತ್ತೆ ಒಬ್ಬ ಮೇಲೆ, ಒಬ್ಬರು ಕೆಳಗೆ. ಟ್ರಂಕಿಗೆ ಬೀಗ ಬಿದ್ದಿದೆ.

ಭಾನುವಾರ, ತಾರೀಖು ೨೩

ನಾಳೆ ಕೊಳ್ಳುವವರು ಬರುತ್ತಾರೆ. ಅತ್ತೆ ಇಬ್ಬರು ಮಕ್ಕಳನ್ನೂ ಕರೆದು ನಿಲ್ಲಿಸಿದರು.

“ನನ್ನ ಕಾರಿನ ವಿಷಯ ನೀವು ಇಬ್ಬರೇ ಮಾತಾಡಿದ್ದಾಯ್ತು. ನೀನು ಇವನ ಮಾತು ಕೇಳಲಿಲ್ಲ, ಇವನು ನಿನ್ನ ಮಾತು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡು ಇಬ್ಬರ ಮಾತೂ ಕೇಳಿದವಳು ಈ ಹುಡುಗಿ ಒಬ್ಬಳೇ. ಕಾರು ನನ್ನದು, ತೀರ್ಮಾನ ಇವಳದ್ದು. ನಾಳೆ ಇವಳು ಉತ್ತರ ಬರೀತಾಳೆ. ಮಾರೋದೋ, ಇಟ್ಕೊಳ್ಳೋದೋ, ಯಾವ ಟಯರೋ. ಇಬ್ಬರೂ ಓದಬೇಕು. ಒಂದೇ ಥರ ಓದದಿದ್ರೆ ಇಬ್ಬರಿಗೂ ಕೋಲು.”

ನನಗೆ ಹೆದರಿಕೆಯಾಗಬೇಕಿತ್ತು. ಪ್ರಾರ್ಥನೆಗೆ ಕೂತೆ. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಕೇಳಿಕೊಂಡೆ, ಹಿಂದಿನ ಎಡಗಡೆ ಟಯರಿನಲ್ಲಿ ಗಾಳಿ ನಿಲ್ಲಲಿ ಎಂದೂ ಕೇಳಿಕೊಂಡೆ.

ಸೋಮವಾರ, ತಾರೀಖು ೨೪

ಐದಕ್ಕೆ ಎದ್ದು ನಾಲ್ಕೂ ಟಯರು ಒತ್ತಿ ನೋಡಿದೆ, ಗಾಜು ಒರೆಸಿದೆ, ಬಾಗಿಲ ಕೀಲಿಗೆ ಎಣ್ಣೆ ಬಿಟ್ಟೆ. ಆಮೇಲೆ ದೀಪ ಹಚ್ಚಿದೆ. ಅಂಗಳ ಗುಡಿಸುವುದು ಮರೆತೇ ಹೋಯಿತು, ಒಪ್ಪತ್ತು ಎನ್ನುವುದೂ ಈಗ ಬರೆಯುವಾಗ ನೆನಪಾಯಿತು.

ಗಾಡಿ ಶನಿವಾರದಿಂದ ನಿಂತಲ್ಲೇ ನಿಂತಿತ್ತು. ಒಬ್ಬಳೇ ಕೂತು ಹಿತ್ತಲ ಬಯಲಿಗೆ ತೆಗೆದೆ. ಡುಬು ಡುಬು ಡುಬು ಡುಬು. ಮಹಡಿಯ ಕಿಟಕಿ ತೆರೆದ ಸದ್ದಾಯಿತು. ನಾನು ಮೇಲೆ ನೋಡಲಿಲ್ಲ. ಬಯಲಿನಲ್ಲಿ ಸದ್ದು ನಿಲ್ಲುವ ತನಕ ಸುತ್ತು ಹಾಕಿ, ತಿರುಗಿ ಶೆಡ್ಡಿಗೆ ತಂದೆ. ಕಿಟಕಿ ಇನ್ನೂ ತೆರೆದೇ ಇತ್ತು.

ಕೊಳ್ಳುವವರು ಬಂದು ಮುಂದಿನ ಕೋಣೆಯಲ್ಲಿ ಕೂತಿದ್ದಾರೆ. ಅತ್ತೆ ಅವರಿಗೆ ತಂಗಿಯ ಕಥೆ ಹೇಳುತ್ತಿರುವುದು ಇಲ್ಲಿಗೆ ಕೇಳುತ್ತದೆ. ನಾನು ಶೆಡ್ಡಿನಲ್ಲಿ, ಓಡಿಸುವವರ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಉತ್ತರ ಆಗಲೇ ಬರೆದಾಯಿತು. ಇಲ್ಲಿಗೂ ಇಳಿಸಿಕೊಳ್ಳುತ್ತೇನೆ:

‘ಮಾರುವುದಿಲ್ಲ. ಬಂದವರಿಗೆ ಟೀ ಕೊಟ್ಟು, ತೊಂದರೆಯಾಯಿತೆಂದು ಕೈಮುಗಿದು ಕಳಿಸಿ. ಹೊಸ ಟಯರು ಹಾಕಿಸಿ, ನಾಲ್ಕೂ ನೈಲಾನ್. ಯಾಕೆಂದರೆ ಓಡಿಸುವವಳು ನಾನು, ನನ್ನ ಕೈಗೆ ಕ್ರಾಸ್ ಬಟ್ಟೆಯೇ ಬರುವುದು. ಬೇರೆ ಕಾರಣವಿಲ್ಲ. ಪೂರ್ತಿ ಲೈಸೆನ್ಸು ಬಂದ ವಾರ ಅತ್ತೆಯವರನ್ನು ತಂಗಿಯ ಮನೆಗೆ ಕರೆದುಕೊಂಡು ಹೋಗುತ್ತೇನೆ, ಮೆಲ್ಲಗೆ. ಮೂವತ್ತೆರಡು ವರ್ಷ ಓಡಿಸಿದವರು ಪಕ್ಕದಲ್ಲಿ ಕೂತು ದಾರಿ ಹೇಳಬೇಕು, ಅವರಿಲ್ಲದೆ ಗುಡ್ಡ ಹತ್ತಲಾರೆ. ಮೈದುನ ಹಿಂದೆ ಅತ್ತೆಯ ಜೊತೆ. ಟ್ರಂಕಿನ ಬೀಗ ತೆಗೆಯತಕ್ಕದ್ದು.’

ಬೇರೆ ಕಾರಣವಿಲ್ಲ ಎಂದು ಬರೆದದ್ದು ಸುಳ್ಳಾಯಿತೇ? ಬಾಯಲ್ಲಿ ಹೇಳಿಲ್ಲವಲ್ಲ. ದೇವರು ಚೀಟಿಯನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೊಂದು ಒಪ್ಪತ್ತು ಮಾಡುತ್ತೇನೆ.

ಬಾನೆಟ್ಟಿನ ಮೇಲೆ ಹೊಲಿಗೆಯ ಹಳೇ ಬಟ್ಟೆ ಹಾಸಿ ಎರಡು ತಟ್ಟೆ ಬಡಿಸಿಟ್ಟಿದ್ದೇನೆ, ಎದುರುಬದುರು ಎರಡು ಎತ್ತರದ ಸ್ಟೂಲು ಹಾಕಿ. ಎಷ್ಟು ಅಗಲ ಬಾನೆಟ್ಟು, ಮೇಜಿಗಿಂತ ಒಳ್ಳೆಯದು. ಚೀಟಿ ನಡುವೆ, ಎರಡು ತಟ್ಟೆಯ ಅಂಚಿನ ಅಡಿಯಲ್ಲಿ. ಊಟ ಮುಗಿಸಿ ಎರಡನ್ನೂ ಎತ್ತಿದರೆ ಮಾತ್ರ ಬಿಡಿಸಲು ಬರುತ್ತದೆ. ಇಬ್ಬರಿಗೂ ಒಂದೊಂದು ಚೂರು ಬರೆದು ಒಳಗೆ ಇಟ್ಟು ಬಂದೆ, ‘ಉತ್ತರ ಶೆಡ್ಡಿನಲ್ಲಿದೆ’ ಎಂದು.

ಬಾಗಿಲ ಸಂದಿಯಲ್ಲಿ ಎರಡು ಜೊತೆ ಚಪ್ಪಲಿ ಕಾಣುತ್ತಿದೆ. ಬಂದು ಆಗಲೇ ಸುಮಾರು ಹೊತ್ತಾಯಿತು.

“ನೀನು ಹೋಗು.”

“ನೀನು ಹೋಗು, ದೊಡ್ಡವನು.”

“ನಿನಗೆ ಹಸಿವಿಲ್ವಾ?”

“ನಿನಗೆ?”

ಹಾರನ್ ಒತ್ತಿಬಿಟ್ಟೆ. ಹಾರನ್ ಮಾತಲ್ಲ. ಅತ್ತೆ ಒಳಗಿನಿಂದ “ಬಂದೇ!” ಎಂದು ಕೂಗಿದರು, ಹೊರಟೇಬಿಟ್ಟಿತು ಎಂದುಕೊಂಡರೋ ಏನೋ. ಚಪ್ಪಲಿಗಳು ಮಾತ್ರ ಅಲ್ಲೇ ಇವೆ.

ಊಟ ಆರುತ್ತಿದೆ. ನನ್ನ ಗಂಟಲಲ್ಲಿ ಇಪ್ಪತ್ತೆರಡು ದಿನದ ಮಾತು ಕಾದಿದೆ, ಲೈಸೆನ್ಸು ಕಚೇರಿಯಲ್ಲಿ ಹೇಳಿದ ರಜಾದ ಮಾತಿಗೂ ಉತ್ತರವಿದೆ. ಯಾರಾದರೂ ಒಬ್ಬರು ಮೊದಲು ಒಳಗೆ ಕಾಲಿಡಿ, ಇನ್ನೊಬ್ಬರು ಹಿಂದೆಯೇ ಬನ್ನಿ. ಬಂದು, ಕೂತು, ಉಂಡು, ನನ್ನ ಉತ್ತರ ತೆಗೆದುಕೊಂಡು ಹೋಗಿ.